ಟೆಲಿವರ್ಕ್ (ಮನೆಯಿಂದಲೇ ಕಚೇರಿ ಕೆಲಸ) ನಿಂತ ಮೇಲೆ ಏಳು ಸೀಟಿನ ವ್ಯಾನ್‌ಪೂಲ್ ನಡೆಸಿದ ಬಗೆ: ನನ್ನ ಅನುಭವ

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಅವರು ಫೆಡರಲ್ ನೌಕರರೆಲ್ಲರೂ ವಾರಪೂರ್ತಿ ಕಚೇರಿಗೇ ಬಂದು ಕೆಲಸ ಮಾಡಬೇಕೆಂಬ ಆದೇಶಕ್ಕೆ ಸಹಿ ಹಾಕಿದರು. ಆ ಆದೇಶದ ಸರಿತಪ್ಪುಗಳ ಚರ್ಚೆ ಈಗಾಗಲೇ ಸಾಕಷ್ಟು ನಡೆದಿದೆ. ವಾಷಿಂಗ್ಟನ್ನಿನಿಂದ ಸುಮಾರು 40 ಮೈಲಿ ದೂರದ ವರ್ಜೀನಿಯಾದ ಸ್ಟಾಫರ್ಡ್ ಕೌಂಟಿಯಲ್ಲಿ ಮನೆ ಮಾಡಿಕೊಂಡಿರುವ ನಾನು, ಬಹುತೇಕ ಎಲ್ಲರೂ "ಈ ಕಾಲಕ್ಕೆ ಆಗದ ಮಾತು" ಎಂದು ತಳ್ಳಿಹಾಕಿದ ವ್ಯಾನ್‌ಪೂಲ್ ಒಂದನ್ನು (ಹಲವರು ಖರ್ಚು ಹಂಚಿಕೊಂಡು ಒಂದೇ ಬಾಡಿಗೆ ವ್ಯಾನಿನಲ್ಲಿ ಕಚೇರಿಗೆ ಹೋಗಿಬರುವ ವ್ಯವಸ್ಥೆ) ಕಟ್ಟಿ, ಕೈಯಿಂದ ಹೆಚ್ಚು ಹಣ ಕಳೆದುಕೊಳ್ಳದೆ ಅದನ್ನು ನಡೆಸಿಕೊಂಡು ಬಂದ ರೀತಿಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅಂಗವೈಕಲ್ಯ, ಗಂಭೀರ ಅನಾರೋಗ್ಯ ಮುಂತಾದ ಕಾರಣಗಳಿಗೆ ಸಿಗುವ ವಿನಾಯಿತಿ ನನಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಆ ದಾರಿಯ ಬಗ್ಗೆ ನಾನು ಹೇಳುವಂಥದ್ದೇನೂ ಇಲ್ಲ.

ನನ್ನ ಕಚೇರಿ ಇರುವುದು ನಗರದ ನೈಋತ್ಯ ಭಾಗದಲ್ಲಿ, ಲಾಂಫಾನ್ ಪ್ಲಾಜಾದ ಹತ್ತಿರ. ಮಾರ್ಚ್ ಆರಂಭದ ಹೊತ್ತಿಗೆ ನಮ್ಮ ಇಲಾಖೆಯಲ್ಲಿ ಟೆಲಿವರ್ಕ್ ಪೂರ್ತಿ ನಿಂತುಹೋಯಿತು. ಮೊದಲ ಕೆಲವು ವಾರ ನಾನೂ ಒಬ್ಬನೇ ಕಾರಿನಲ್ಲಿ ಹೋಗಿಬಂದೆ. ಐ-95 ಹೆದ್ದಾರಿಯ ಎಕ್ಸ್‌ಪ್ರೆಸ್ ಲೇನ್ 2023ರ ಆಗಸ್ಟ್‌ನಲ್ಲಿ ಫ್ರೆಡೆರಿಕ್ಸ್‌ಬರ್ಗ್‌ವರೆಗೂ ವಿಸ್ತರಣೆಯಾದ ಕಾರಣ ದಾರಿಯೇನೋ ಸಲೀಸಾಗಿತ್ತು. ಆದರೆ ದಟ್ಟಣೆಗೆ ತಕ್ಕಂತೆ ಏರುವ ಟೋಲ್ ಬೆಳಿಗ್ಗೆ 30 ಡಾಲರ್ ಸುಮಾರಿಗೆ, ಸಂಜೆ 20ರ ಮೇಲಕ್ಕೆ ಹೋಗುತ್ತಿತ್ತು, ಪಾರ್ಕಿಂಗಿಗೆ ಮತ್ತೆ 20. ತಿಂಗಳಿಗೆ ಸಾವಿರದ ಮುನ್ನೂರು, ನಾನೂರು ಡಾಲರ್ ರಸ್ತೆಗೇ ಸುರಿಯುವುದು ನನ್ನ ಸಂಬಳಕ್ಕೆ ಹೊಂದುವ ಲೆಕ್ಕವಾಗಿರಲಿಲ್ಲ. ಟೋಲ್ ಇಲ್ಲದ ಲೇನಿನಲ್ಲಿ ಹೋದರೆ ಹಣ ಉಳಿಯುತ್ತಿತ್ತು, ಆದರೆ ಒಂದು ಕಡೆಗೇ ಎರಡು ಗಂಟೆ ಹಿಡಿಯುತ್ತಿತ್ತು. ರೈಲನ್ನೂ ಪ್ರಯತ್ನಿಸಿದೆ. ನಿಲ್ದಾಣಕ್ಕೆ ಹೋಗುವ, ಕಾಯುವ ಹೊತ್ತೆಲ್ಲ ಸೇರಿದರೆ ಕಾರಿಗಿಂತ ಹೆಚ್ಚೇನೂ ಸಮಯ ಉಳಿಯುತ್ತಿರಲಿಲ್ಲ. ಮಧ್ಯಾಹ್ನ ಮಗುವಿನ ಶಾಲೆಯಿಂದ ಕರೆ ಬಂದರೆ ಹಿಂತಿರುಗಲು ಮುಂದಿನ ರೈಲಿಗಾಗಿ ಕಾಯಬೇಕಾಗುತ್ತಿತ್ತು.

ಆ ನಡುವೆ ಸ್ಲಗ್ ಲೈನಿನಲ್ಲಿ ನಿಂತದ್ದು ಬಹಳ ಪಾಠ ಕಲಿಸಿತು. 1970ರ ದಶಕದಿಂದ ಉತ್ತರ ವರ್ಜೀನಿಯಾದಲ್ಲಿ ನಡೆದುಬಂದಿರುವ ಈ ಪದ್ಧತಿ ಇಲ್ಲಿಯವರಿಗೆ ಗೊತ್ತೇ ಇದೆ. ಮೂರು ಅಥವಾ ಹೆಚ್ಚು ಜನರಿದ್ದ ಕಾರಿಗೆ ಆ ಲೇನಿನಲ್ಲಿ ಟೋಲ್ ಇಲ್ಲವಾದ್ದರಿಂದ ಕಮ್ಯೂಟರ್ ಲಾಟಿನಲ್ಲಿ (ಪ್ರಯಾಣಿಕರು ಕಾರು ನಿಲ್ಲಿಸಿಹೋಗುವ ಜಾಗದಲ್ಲಿ) ಸಾಲು ನಿಂತ ಅಪರಿಚಿತರನ್ನು ಕಾರಿನವರು ಹತ್ತಿಸಿಕೊಳ್ಳುತ್ತಾರೆ, ಯಾರೂ ಯಾರಿಗೂ ಕಾಸು ಕೊಡುವುದಿಲ್ಲ. ಚಾಲಕ ಮಾತು ತೆಗೆಯದ ಹೊರತು ಹತ್ತಿದವರು ಮಾತನಾಡುವುದಿಲ್ಲ, ಮಹಿಳೆಯೊಬ್ಬರನ್ನೇ ಸಾಲಿನಲ್ಲಿ ಬಿಟ್ಟು ಹೋಗುವುದಿಲ್ಲ ಎಂಬ ಅಲಿಖಿತ ನಿಯಮಗಳನ್ನು ಜನ ಇಂದಿಗೂ ಶ್ರದ್ಧೆಯಿಂದ ಪಾಲಿಸುವುದನ್ನು ಕಂಡು ನನಗೆ ಗೌರವ ಮೂಡಿತು. ಕೋವಿಡ್ ಕಾಲದಲ್ಲಿ ಬರಿದಾಗಿದ್ದ ಈ ಸಾಲುಗಳು ಆದೇಶದ ನಂತರ ಮತ್ತೆ ಬೆಳೆಯತೊಡಗಿದವು. ಬೆಳಗಿನ ಹೊತ್ತು ಕಾರು ಸಿಗುವುದು ಕಷ್ಟವಿರಲಿಲ್ಲ. ಸಂಜೆ ನಮ್ಮ ಕಡೆಗೆ ಬರುವ ಕಾರು ಯಾವಾಗ ಸಿಗುವುದೆಂಬ ಭರವಸೆ ಮಾತ್ರ ಇರಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರಿಗೆ ಅಂಥ ಅನಿಶ್ಚಿತತೆ ತಾಳುವುದಿಲ್ಲ.

ವ್ಯಾನ್‌ಪೂಲ್ ಮಾತು ಎತ್ತಿದಾಗ ಸಹೋದ್ಯೋಗಿಗಳಿಂದ ಹಿಡಿದು ಕನ್ನಡದ ಗೆಳೆಯರವರೆಗೆ ಎಲ್ಲರೂ ತಲೆಯಾಡಿಸಿದರು. "ಅದೆಲ್ಲ ತೊಂಬತ್ತರ ದಶಕದ ಕಥೆ ಕಣ್ರೀ, ಈಗ ಯಾವ ಇಬ್ಬರು ಒಂದೇ ಹೊತ್ತಿಗೆ ಕಚೇರಿ ಬಿಡುತ್ತಾರೆ ಹೇಳಿ?" ಎಂದವರೂ ಇದ್ದರು. ಧೈರ್ಯ ಹೇಳಿದವರು ಫೆಡರಲ್ ಸೇವೆಯಿಂದ ಎಂದೋ ನಿವೃತ್ತರಾದ, ತಾವೇ ಹಿಂದೆ ವ್ಯಾನ್ ನಡೆಸಿದ್ದ, ನಮ್ಮ ಕಡೆಯ ಹಿರಿಯರೊಬ್ಬರು ಮಾತ್ರ. "ಜನರನ್ನು ಹುಡುಕುವ ಮೊದಲು ಹೊರಡುವ ಹೊತ್ತನ್ನು ಗೊತ್ತುಮಾಡಪ್ಪ, ಆ ಹೊತ್ತಿಗೆ ಒಪ್ಪದವನು ಎಷ್ಟೇ ಆಪ್ತನಾದರೂ ಹತ್ತಿಸಿಕೊಳ್ಳಬೇಡ" ಎಂದರು. ಇವತ್ತಿಗೂ ನಮ್ಮ ವ್ಯಾನಿನ ಮೊದಲ ನಿಯಮ ಅದೇ.

ಹಣದ ಬೆನ್ನೆಲುಬು ಟ್ರಾನ್ಸಿಟ್ ಬೆನಿಫಿಟ್, ಅಂದರೆ ಕಚೇರಿಗೆ ಹೋಗಿಬರುವ ಖರ್ಚಿಗೆ ಇಲಾಖೆ ಕೊಡುವ ನೆರವು. 2000ನೇ ಇಸವಿಯ 13150ನೇ ಕಾರ್ಯಾದೇಶದ ಪ್ರಕಾರ ರಾಜಧಾನಿ ವಲಯದ ಫೆಡರಲ್ ನೌಕರರಿಗೆ ಈ ನೆರವು ಸಿಗಬೇಕು, ವ್ಯಾನ್‌ಪೂಲ್ ಕೂಡ ಅದರಲ್ಲಿ ಸೇರುತ್ತದೆ. 2025ರಲ್ಲಿ ತಲೆಗೆ ತಿಂಗಳಿಗೆ 325 ಡಾಲರ್ ಮಿತಿಯಿತ್ತು, 2026ರಲ್ಲಿ ಅದು 340ಕ್ಕೆ ಏರಿತು. ಪ್ರತಿಯೊಬ್ಬರ ಪಾಲೂ ಈ ಮಿತಿಯೊಳಗೆ ಉಳಿದರೆ ಸ್ವಂತ ಜೇಬಿಗೆ ಕೈ ಹಾಕುವ ಪ್ರಮೇಯವೇ ಬರುವುದಿಲ್ಲ.

ಮೊದಲು ತೆಗೆದುಕೊಂಡದ್ದು ಹನ್ನೆರಡು ಸೀಟಿನ ವ್ಯಾನು. ಬಾಡಿಗೆಗೆ ಕೊಟ್ಟ ಸಂಸ್ಥೆಯವರು ದೊಡ್ಡ ಗಾಡಿಯಾದರೆ ತಲೆಗೆ ಬೀಳುವ ಖರ್ಚು ಕಡಿಮೆ ಎಂದು ಒತ್ತಾಯಿಸಿದ್ದರು, ಲೆಕ್ಕದಲ್ಲಿ ಅದು ನಿಜವೂ ಆಗಿತ್ತು. ಬಾಡಿಗೆ ಸಾವಿರದ ಆರುನೂರು, ಪೆಟ್ರೋಲ್ ಮುನ್ನೂರೈವತ್ತರ ಆಸುಪಾಸು. ಒಂಬತ್ತು ಜನ ಸೇರಿದ್ದರಿಂದ ತಲೆಗೆ ಇನ್ನೂರ ಹದಿನೈದು ಡಾಲರಿನಷ್ಟಾಯಿತು. ಆದರೆ ಆ ವರ್ಷ ಫೆಡರಲ್ ನೌಕರಿಯೇ ಭದ್ರವಾಗಿರಲಿಲ್ಲ. ಜನವರಿ 28ರಂದು ಎಲ್ಲರಿಗೂ ಬಂದ ಇಮೇಲಿನ ಪ್ರಕಾರ ರಾಜೀನಾಮೆ ಕೊಟ್ಟವರಿಗೆ ಸೆಪ್ಟೆಂಬರ್ 30ರವರೆಗೆ ಸಂಬಳ ಸಿಗುತ್ತಿತ್ತು. ಮುಂದೆ ಕೆಲವು ಇಲಾಖೆಗಳು ಅದೇ ಅವಕಾಶವನ್ನು ಎರಡನೆಯ ಬಾರಿ ಕೊಟ್ಟಾಗ ನಮ್ಮ ವ್ಯಾನಿನ ಇಬ್ಬರು ಅದನ್ನು ಆರಿಸಿಕೊಂಡರು, ಒಬ್ಬರ ಹುದ್ದೆ ಕಡಿತದಲ್ಲಿ ಹೋಯಿತು, ಇನ್ನೊಬ್ಬರಿಗೆ ಬೇರೆ ಊರಿಗೆ ವರ್ಗವಾಯಿತು. ಐದು ಜನ ಉಳಿದಾಗ ತಲೆಗೆ ಸುಮಾರು 390 ಬಿದ್ದು ಮಿತಿಯನ್ನು ದಾಟಿತು. ಎರಡು ತಿಂಗಳು ಆ ವ್ಯತ್ಯಾಸವನ್ನು ನಾವು ಐವರೂ ಕೈಯಿಂದ ಕಟ್ಟಿದೆವು. ವ್ಯಾನ್‌ಪೂಲ್ ಕಾಲ ಮುಗಿಯಿತೆಂದು ಹೇಳಿದ್ದವರಿಗೆ ಆಗ ಒಳ್ಳೆಯ ಪುರಾವೆ ಸಿಕ್ಕಂತಾಗಿತ್ತು.

ಪರಿಹಾರ ಸಿಕ್ಕಿದ್ದು ಆದಾಯ ತೆರಿಗೆ ಕಾನೂನಿನ 132ನೇ ಸೆಕ್ಷನ್ನನ್ನು ಕೂತು ಓದಿದಾಗ. ವ್ಯಾನ್‌ಪೂಲ್ ಎನಿಸಿಕೊಳ್ಳಲು ಗಾಡಿಯಲ್ಲಿ ಚಾಲಕನನ್ನು ಬಿಟ್ಟು ಆರು ಜನ ದೊಡ್ಡವರಿಗೆ ಸೀಟಿದ್ದರೆ ಸಾಕು. ಓಡಿದ ಮೈಲಿಗಳಲ್ಲಿ ನೂರಕ್ಕೆ ಎಂಬತ್ತು ಭಾಗ ಕೆಲಸದ ಪ್ರಯಾಣವಾಗಿರಬೇಕು ಮತ್ತು ಆ ಪ್ರಯಾಣಗಳಲ್ಲಿ ಚಾಲಕನ ಹೊರತಾದ ಸೀಟುಗಳ ಅರ್ಧದಷ್ಟಾದರೂ ನೌಕರರಿಂದ ತುಂಬಿರಬೇಕು. ಅಂದರೆ ಮಕ್ಕಳನ್ನು ಶಾಲೆಗೆ ಬಿಡಲು ಎಲ್ಲರೂ ಬಳಸುವಂಥ ಏಳು ಸೀಟಿನ ಮಿನಿವ್ಯಾನ್ ಕೂಡ ನಡೆಯುತ್ತದೆ, ಅದಕ್ಕೆ ಬೇಕಾದದ್ದು ಚಾಲಕ ಮತ್ತು ಮೂವರು. ನನಗೆ ಗೊತ್ತಿದ್ದ ಯಾರೊಬ್ಬರೂ ಈ ಸಣ್ಣ ಅಳತೆಯನ್ನು ಗಂಭೀರವಾಗಿ ಯೋಚಿಸಿರಲಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ದೊಡ್ಡ ವ್ಯಾನನ್ನು ಹಿಂದಿರುಗಿಸಿ ಮಿನಿವ್ಯಾನ್ ತಂದೆವು. ವಿಮೆ, ರಿಪೇರಿ ಸೇರಿ ಬಾಡಿಗೆ ಒಂಬೈನೂರೈವತ್ತರ ಹತ್ತಿರ, ಪೆಟ್ರೋಲ್ ಇನ್ನೂರು. ಐದು ಜನಕ್ಕೆ ಹಂಚಿದರೆ 230. ಒಬ್ಬರು ಬಿಟ್ಟುಹೋದರೂ ತಲೆಗೆ 290ರ ಒಳಗೇ ನಿಲ್ಲುತ್ತದೆ. ಕೆಲಸ ಯಾವ ದಿನ ಇರುತ್ತದೋ ಹೋಗುತ್ತದೋ ತಿಳಿಯದ ಕಾಲದಲ್ಲಿ ಒಬ್ಬರ ನಿರ್ಗಮನವನ್ನು ತಡೆದುಕೊಳ್ಳುವ ಶಕ್ತಿ ಗಾಡಿಗೆ ಇರಬೇಕು, ತುಂಬಿದಾಗ ಎಷ್ಟು ಅಗ್ಗವೆಂಬ ಲೆಕ್ಕ ಆಮೇಲಿನದು.

ಹೊತ್ತನ್ನು ಹೊಂದಿಸುವುದು ಹಣಕ್ಕಿಂತ ಕಠಿಣವಾಗಿತ್ತು. ಐವರಲ್ಲಿ ಮೂವರು 5-4/9 ಪದ್ಧತಿಯಲ್ಲಿ, ಅಂದರೆ ಎರಡು ವಾರದ ಎಂಬತ್ತು ಗಂಟೆಗಳನ್ನು ಒಂಬತ್ತು ದಿನಗಳಲ್ಲಿ ಮುಗಿಸುವವರು. ಉಳಿದ ಇಬ್ಬರು ಎಂಟು ಗಂಟೆಯ ದಿನದವರು. ಬೆಳಿಗ್ಗೆ 5:15ಕ್ಕೆ ಲಾಟಿನಿಂದ ಹೊರಟು 6:15ರೊಳಗೆ ಕಚೇರಿ ಸೇರುವುದು, ಮಧ್ಯಾಹ್ನ 3:50ಕ್ಕೆ ಹಿಂದಿರುಗುವುದು ಎಂದು ಗೊತ್ತುಮಾಡಿಕೊಂಡೆವು. ಎಂಟು ಗಂಟೆಯವರು ಮೇಲಧಿಕಾರಿಗಳ ಒಪ್ಪಿಗೆ ಪಡೆದು ಉಳಿದ ಹೊತ್ತನ್ನು ಕ್ರೆಡಿಟ್ ಅವರ್ (ಮುಂದೆ ರಜೆಯಾಗಿ ಪಡೆಯಬಹುದಾದ ಹೆಚ್ಚಿನ ಗಂಟೆ) ಆಗಿ ಗಳಿಸುತ್ತಾರೆ. ಪೂರ್ಣಾವಧಿ ನೌಕರರು ಅಂಥ 24 ಗಂಟೆಗಳವರೆಗೆ ಮುಂದಿನ ಪಾಕ್ಷಿಕಕ್ಕೆ ಒಯ್ಯಬಹುದಾದ್ದರಿಂದ ಅವರಿಗೂ ಆಗಾಗ ರಜೆ ಕೂಡಿಬರುತ್ತದೆ. ಟೆಲಿವರ್ಕ್ ಎಂಬ ಪದವನ್ನೇ ಕೇಳಲು ಸಿದ್ಧರಿಲ್ಲದ ಮೇಲಧಿಕಾರಿಗಳು ಬೆಳಿಗ್ಗೆ ಆರೂಕಾಲಕ್ಕೆ ಬರುತ್ತೇನೆ ಎನ್ನುವವನಿಗೆ ಇಲ್ಲವೆನ್ನುವುದು ಅಪರೂಪ. ಆ ಮನವಿ ಪತ್ರವನ್ನು ಯಾವ ಮಾತಿನಿಂದ ಆರಂಭಿಸಬೇಕೆಂಬುದನ್ನು ನಮ್ಮ ವ್ಯಾನಿಗೆ ಸೇರುವವರಿಗೆ ಮಾತ್ರ ಹೇಳಿಕೊಡುತ್ತೇನೆ. ಇಷ್ಟು ಬೇಗ ಬರುವುದರಿಂದ ಇನ್ನೊಂದು ಅನುಕೂಲವೂ ಆಯಿತು. ನೌಕರರಿಗಿಂತ ಮೇಜುಗಳೇ ಕಡಿಮೆಯಿದ್ದ ನಮ್ಮ ಮಹಡಿಯಲ್ಲಿ ಜಾಗಕ್ಕಾಗಿ ಅಲೆಯುವ ಕಷ್ಟ ನನಗೆ ಬರಲಿಲ್ಲ.

5-4/9ರವರ ರಜೆಯ ಶುಕ್ರವಾರಗಳನ್ನು ಹೇಗೆ ಹಂಚುವುದೆಂಬುದನ್ನು ಎರಡು ಬಗೆಯಲ್ಲಿ ಮಾಡಿ ನೋಡಿದೆವು. ಬೇರೆ ಬೇರೆ ಶುಕ್ರವಾರ ಬಿಡುವು ತೆಗೆದುಕೊಂಡಾಗ, ಉಳಿದ ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೆ ಸಾಕು, ಆ ವಾರ ಅರ್ಧ ಸೀಟಿನ ಲೆಕ್ಕ ತಪ್ಪುತ್ತಿತ್ತು. ಮೂವರೂ ಒಂದೇ ಶುಕ್ರವಾರ ಮನೆಯಲ್ಲಿ ಉಳಿಯುವಂತೆ ಮಾಡಿಕೊಂಡ ಮೇಲೆ ಕೊರತೆ ಎರಡು ವಾರಕ್ಕೊಂದು ದಿನಕ್ಕೆ ಇಳಿಯಿತು. ಅದು ಒಟ್ಟು ಓಟದ ಹತ್ತರಲ್ಲೊಂದು ಭಾಗ, ಅಕಸ್ಮಾತ್ ರಜೆಗಳನ್ನು ಸೇರಿಸಿದರೂ ಕಾನೂನು ಬಿಟ್ಟುಕೊಟ್ಟ ನೂರಕ್ಕೆ ಇಪ್ಪತ್ತರೊಳಗೆ ಆರಾಮವಾಗಿ ಹೊಂದುತ್ತದೆ. ಆ ಶುಕ್ರವಾರಗಳಂದು ಗಾಡಿಯಲ್ಲಿ ಇಬ್ಬರೇ ಇರುವುದರಿಂದ ಸ್ಲಗ್ ಲೈನಿನಿಂದ ಇಬ್ಬರನ್ನು ಹತ್ತಿಸಿಕೊಳ್ಳುತ್ತೇವೆ. ಮೂರರ ಲೆಕ್ಕಕ್ಕೆ ಒಬ್ಬರೇ ಸಾಕಾದರೂ ಇಬ್ಬರನ್ನು ಕರೆದೊಯ್ಯುವುದು ಆ ಸಾಲಿಗೆ ನಾವು ಸಲ್ಲಿಸುವ ಋಣ. ಗಾಜಿಗೆ ಅಂಟಿಸಿದ ಈಝೀಪಾಸ್ ಫ್ಲೆಕ್ಸ್‌ನ (ಟೋಲ್ ಎಣಿಸುವ ಸಾಧನ) ಗುಂಡಿಯನ್ನು ಎಚ್‌ಓವಿ (ಹೆಚ್ಚು ಜನರಿರುವ ಗಾಡಿ) ಕಡೆಗೆ ಸರಿಸದೆ ಹೊರಟರೆ ಐದು ಜನರಿದ್ದರೂ ಪೂರ್ತಿ ಟೋಲ್ ಬೀಳುತ್ತದೆ; ಹಾಗಾಗಿ ಗಾಡಿ ಹೊರಡುವ ಮೊದಲು ಚಾಲಕನ ಪಕ್ಕದವರು ಬಾಯಿಬಿಟ್ಟು "ಎಚ್‌ಓವಿ ಆನ್" ಎಂದು ಹೇಳುವ ರೂಢಿ ಮಾಡಿಕೊಂಡಿದ್ದೇವೆ. ಯಾವ ರ‍್ಯಾಂಪಿನಿಂದ ಲೇನಿಗೆ ಸೇರಿದರೆ ಬೆಳಿಗ್ಗೆ ಹತ್ತು ನಿಮಿಷ ಉಳಿಯುತ್ತದೆ ಎಂಬುದನ್ನು ಬರೆದರೆ ಅದು ಉಳಿಯುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ನಿಜವಾದ ಪರೀಕ್ಷೆ, ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ 2025ರ ಅಕ್ಟೋಬರ್ 1ರಂದು ಆರಂಭವಾದ ಸರ್ಕಾರದ ಶಟ್‌ಡೌನ್. 43 ದಿನ ನಡೆದ ಅದರಲ್ಲಿ ನಮ್ಮ ಮೂವರು ಫರ್ಲೋ ಆದರು, ಅಂದರೆ ಸಂಬಳವಿಲ್ಲದೆ ಮನೆಯಲ್ಲಿ ಉಳಿಯಬೇಕಾಯಿತು, ಇಬ್ಬರು ಸಂಬಳವಿಲ್ಲದೆಯೇ ಕಚೇರಿಗೆ ಹೋಗಬೇಕಾಯಿತು. ಪ್ರಯಾಣ ಮಾಡದ ದಿನಗಳಿಗೆ ಬೆನಿಫಿಟ್ ಕೇಳುವಂತಿಲ್ಲ, ಬಾಡಿಗೆಯನ್ನು ಒಂದು ತಿಂಗಳು ತಡೆಹಿಡಿಯಲು ಸಂಸ್ಥೆ ಒಪ್ಪಲಿಲ್ಲ. ನಮ್ಮನ್ನು ಕಾಪಾಡಿದ್ದು ಮಿನಿವ್ಯಾನ್ ತಂದ ದಿನದಿಂದ, ಊರಿನ ಚೀಟಿ ವ್ಯವಹಾರದಂತೆ, ತಲೆಗೆ ತಿಂಗಳಿಗೆ ಐವತ್ತು ಡಾಲರ್ ಸ್ವಂತ ಹಣದಿಂದ ತೆಗೆದಿರಿಸುತ್ತಿದ್ದ ನಿಧಿ. ಒಂದು ತಿಂಗಳ ಬಾಡಿಗೆ ಪೂರ್ತಿ ಅದರಿಂದಲೇ ಹೋಯಿತು. ಉಳಿದದ್ದಕ್ಕೆ, ಮನೆಯಲ್ಲಿದ್ದ ಮೂವರಲ್ಲಿ ಒಬ್ಬರಾದ ಲೆಕ್ಕಪತ್ರ ಅಧಿಕಾರಿಣಿ, ತಾವು ಒಂದು ದಿನವೂ ಗಾಡಿ ಹತ್ತದಿದ್ದರೂ, ತಮ್ಮ ಪಾಲನ್ನು ಮೊದಲೇ ಕಳುಹಿಸಿ, "ಗಾಡಿ ಹೋದರೆ ನಾಳೆ ನಾನು ಹೇಗೆ ಬರಲಿ?" ಎಂದು ಕೇಳಿದರು. ಮಿಕ್ಕವರೂ ಅದನ್ನೇ ಅನುಸರಿಸಿದರು. ದುಡಿಯುತ್ತಿದ್ದ ಇಬ್ಬರು ದಿನವೂ ಸ್ಲಗ್ ಲೈನಿನ ಜನರನ್ನು ಹತ್ತಿಸಿಕೊಂಡು ಟೋಲ್ ತಪ್ಪಿಸಿದರು. ಆ ವಾರಗಳಲ್ಲಿ ಅರ್ಧ ಸೀಟಿನ ಲೆಕ್ಕ ತಪ್ಪುವುದು ಖಚಿತವಾಗಿದ್ದರಿಂದ ಆ ಓಟದ ಖರ್ಚಿಗೆ ಬೆನಿಫಿಟ್‌ನಿಂದ ಒಂದು ಡಾಲರನ್ನೂ ತೆಗೆದುಕೊಳ್ಳಲಿಲ್ಲ. ಈ ಲೆಕ್ಕಗಳನ್ನು ದಿನದಿನವೂ ಬರೆದಿಡುವುದು ಕಡ್ಡಾಯ. ಸರ್ಕಾರಿ ಹಣದ ಮೇಲೆ ಓಡುವ ಗಾಡಿಯ ಲಾಗ್ ಪುಸ್ತಕವನ್ನು ಯಾರು ಯಾವಾಗ ಕೇಳಿದರೂ ಮುಂದಿಡುವಂತಿರಬೇಕು. ವಾರಾಂತ್ಯಕ್ಕೆ ಗಾಡಿಯನ್ನು ಸ್ವಂತ ಕೆಲಸಕ್ಕೆ ಬಳಸುವುದನ್ನೂ ನಾವು ಪೂರ್ತಿ ನಿಲ್ಲಿಸಿದ್ದೇವೆ.

ಮಧ್ಯಾಹ್ನ ಮನೆಯಿಂದ ತುರ್ತು ಕರೆ ಬಂದರೆ ಏನು ಗತಿ ಎಂಬುದು ಹೊಸಬರೆಲ್ಲರ ಮೊದಲ ಪ್ರಶ್ನೆ. ಈ ಪ್ರದೇಶದಲ್ಲಿ ಪೂಲಿಂಗ್ ಮಾಡುವವರಿಗಾಗಿಯೇ ಇರುವ ಗ್ಯಾರಂಟೀಡ್ ರೈಡ್ ಹೋಮ್ ಯೋಜನೆಯಲ್ಲಿ ಮೊದಲೇ ಹೆಸರು ನೋಂದಾಯಿಸಿದ್ದರೆ ಅಂಥ ಸಂದರ್ಭದಲ್ಲಿ ವರ್ಷಕ್ಕೆ ಕೆಲವು ಬಾರಿ ಉಚಿತವಾಗಿ ಮನೆ ಸೇರಿಸುತ್ತಾರೆ. ನಮ್ಮಲ್ಲಿ ಇಬ್ಬರು ಅದನ್ನು ಬಳಸಿದ್ದಾರೆ, ಮಗುವಿಗೆ ಜ್ವರ ಬಂದಾಗ ಒಮ್ಮೆ ನಾನೂ. ಹೆಸರು ನೋಂದಾಯಿಸದವರನ್ನು ನಾವು ವ್ಯಾನಿಗೆ ಸೇರಿಸಿಕೊಳ್ಳುವುದಿಲ್ಲ.

2026ರಲ್ಲಿ ಮಿತಿ 340ಕ್ಕೆ ಏರಿತೆಂದು ನಮ್ಮ ಖರ್ಚನ್ನೇನೂ ಹೆಚ್ಚಿಸಿಕೊಂಡಿಲ್ಲ. ನಿಧಿಗೆ ಹಾಕುವ ಐವತ್ತು ಡಾಲರನ್ನು ಮಾತ್ರ ಎಪ್ಪತ್ತಕ್ಕೆ ಏರಿಸಿದ್ದೇವೆ, ಇನ್ನೊಂದು ಶಟ್‌ಡೌನ್ ಬಂದರೆ ಎರಡು ತಿಂಗಳ ಬಾಡಿಗೆ ಕೈಯಲ್ಲಿರಬೇಕೆಂಬುದು ಗುರಿ. ಅನುಮಾನಪಟ್ಟಿದ್ದ ಸಹೋದ್ಯೋಗಿಗಳಲ್ಲಿ ಇಬ್ಬರು ಇದೇ ಅಳತೆಯ ಎರಡನೇ ವ್ಯಾನನ್ನು ವುಡ್‌ಬ್ರಿಜ್ ಕಡೆಯಿಂದ ಆರಂಭಿಸುವ ತಯಾರಿಯಲ್ಲಿದ್ದಾರೆ. ಅವರಿಗೆ ಇನ್ನೂ ಇಬ್ಬರು ಬೇಕು, ಹೊರಡುವ ಹೊತ್ತು 5:30.