ಪುಟ್ಟ ಬೆರಳಿನ ಟೆಂಡನ್: ಹೊಲಿಗೆಗಿಂತ ಪ್ಲಾಸ್ಟರ್‌ದೇ ಚಿಂತೆ

"ಬೆರಳು ಮಡಚು ಪುಟ್ಟಾ" ಅಂದರೆ, ಬೆರಳು ಕುಯ್ದುಕೊಂಡು ಬಂದ ಮೂರು ವರ್ಷದ ಮಗು ಕೈಯನ್ನೇ ಅಮ್ಮನ ಸೆರಗಿನೊಳಗೆ ಬಚ್ಚಿಡುತ್ತದೆ. ಹಾಗಾಗಿ ಇಂಥ ಬೆರಳುಗಳ ಆಪರೇಷನ್ ಮಾಡುವ ನಾನು ಮೊದಲು ಮಗುವನ್ನು ಮುಟ್ಟುವುದೇ ಇಲ್ಲ. ಅಮ್ಮನ ತೊಡೆಯ ಮೇಲೆ ಕೂತಿರಲಿ ಅಂತ ಬಿಟ್ಟು ಸುಮ್ನೆ ನೋಡುತ್ತೇನೆ. ಕೈ ಸಡಿಲ ಬಿಟ್ಟಾಗ ನಮ್ಮೆಲ್ಲರ ಬೆರಳೂ ಅರೆಮಡಚಿರುತ್ತವೆ. ತೋರುಬೆರಳು ಕಡಿಮೆ, ಕಿರುಬೆರಳು ಜಾಸ್ತಿ. ಆ ಸಾಲಿನಲ್ಲಿ ಒಂದು ಬೆರಳು ಮಾತ್ರ ನೆಟ್ಟಗೆ ನಿಂತಿದ್ದರೆ ಅದನ್ನು ಮಡಚುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ಹುರಿ) ತುಂಡಾಗಿರುವ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಮಣಿಕಟ್ಟನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸುತ್ತೇನೆ. ಟೆಂಡನ್ ಸರಿಯಿದ್ದರೆ ಬೆರಳು ತಾನಾಗಿ ಒಳಕ್ಕೆ ಬರುತ್ತದೆ. ಮಗು ನಿದ್ದೆ ಮಾಡುತ್ತಿದ್ದರಂತೂ ಕೆಲಸ ಇನ್ನೂ ಸಲೀಸು.

ಇಷ್ಟೆಲ್ಲ ಯಾಕೆ ಅಂದರೆ, ಹೊರಗಿನ ಗಾಯ ನೋಡಿ ಏನೂ ಹೇಳಲಾಗದು. ಒಡೆದ ಗಾಜಿನ ಲೋಟ, ಈಳಿಗೆಮಣೆ, ತಗಡಿನ ಡಬ್ಬದ ಅಂಚು. ಚರ್ಮದ ಮೇಲೆ ಸಣ್ಣ ಗೀರು, ಒಳಗೆ ಟೆಂಡನ್ ಪೂರ್ತಿ ಕತ್ತರಿಸಿರುತ್ತದೆ. ಚರ್ಮಕ್ಕೆ ಎರಡು ಹೊಲಿಗೆ ಬೀಳುತ್ತದೆ. ಬೆರಳು ಮಡಚದಿದ್ದರೆ "ನೋವಿಗೆ ಹಾಗೆ ಮಾಡ್ತಿದೆ" ಅಂತ ಮನೆಯವರು ಸುಮ್ಮನಾಗುತ್ತಾರೆ. ಮಗುವೂ ಉಳಿದ ಬೆರಳುಗಳಲ್ಲೇ ಆಟ ಮುಂದುವರಿಸುತ್ತದೆ. ವಾರಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಕೆಲವು ದಿನಗಳಲ್ಲೇ ಬಂದರೆ ನೇರವಾಗಿ ಜೋಡಿಸಬಹುದು. ಪೂರ್ತಿ ಅರಿವಳಿಕೆ, ತೋಳಿಗೆ ರಕ್ತ ತಡೆಹಿಡಿಯುವ ಪಟ್ಟಿ (ಟೂರ್ನಿಕೆ), ಕಣ್ಣಿಗೆ ದೊಡ್ಡದಾಗಿ ತೋರಿಸುವ ಕನ್ನಡಕ (ಲೂಪ್). ಆ ವಯಸ್ಸಿನ ಟೆಂಡನ್ ಒತ್ತು ಶ್ಯಾವಿಗೆಯ ದಪ್ಪ ಎಳೆಯಷ್ಟಿರುತ್ತದೆ. ತುಂಡಾದ ತುದಿ ಅಂಗೈ ಕಡೆಗೆ ಜಾರಿ ಹೋಗಿರುತ್ತದೆ. ಮಣಿಕಟ್ಟು ಮಡಚಿ, ಅಂಗೈಯಿಂದ ನೀವಿ ಮುಂದಕ್ಕೆ ತರುತ್ತೇನೆ. ಫೋರ್ಸೆಪ್ಸ್ (ಚಿಮಟ) ತಾಗಿದರೆ ಕತ್ತರಿಸಿದ ಮುಖಕ್ಕೆ ಮಾತ್ರ ತಾಗಬೇಕು. ಹೊರಮೈ ಚಿವುಟಿದ ಕಡೆಯೆಲ್ಲ ಆಮೇಲೆ ಟೆಂಡನ್ ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡವರಿಗೆ ನಾಲ್ಕೆಳೆ ಹೊಲಿಗೆ ಹಾಕುತ್ತೇವೆ, ಅಂದರೆ ಎರಡು ತುದಿಗಳ ನಡುವೆ ದಾರದ ನಾಲ್ಕು ಎಳೆ ಹಾಯುತ್ತವೆ. ಇಲ್ಲಿ ಎಷ್ಟೋ ಸಲ ಎರಡೆಳೆಗಷ್ಟೇ ಜಾಗ. ಸುತ್ತ 6-0 ಅನ್ನುವ ತೀರಾ ತೆಳು ದಾರದ ಸಣ್ಣ ಹೊಲಿಗೆ. ಟೆಂಡನ್ನನ್ನು ಮೂಳೆಗೆ ಒತ್ತಿ ಹಿಡಿಯುವ ಪಟ್ಟಿಗಳಿಗೆ ಪುಲ್ಲಿ ಅನ್ನುತ್ತೇವೆ; ಅವುಗಳಲ್ಲಿ ಎ2, ಎ4 ಎಂಬ ಎರಡನ್ನು ಉಳಿಸಲೇಬೇಕು, ಇಲ್ಲದಿದ್ದರೆ ಬೆರಳು ಮಡಚಿದಾಗ ಟೆಂಡನ್ ಮೂಳೆ ಬಿಟ್ಟು ಮೇಲೆದ್ದು ನಿಲ್ಲುತ್ತದೆ. ಬೆರಳಿನ ಪಕ್ಕದ ನರವೂ ತುಂಡಾಗಿದ್ದರೆ ಅದನ್ನೂ ಆಗಲೇ ಜೋಡಿಸುತ್ತೇನೆ. ಚರ್ಮಕ್ಕೆ ಕರಗುವ ದಾರ. ಹೊಲಿಗೆ ಬಿಚ್ಚುವ ರಂಪ ಯಾರಿಗೆ ಬೇಕು, ಅಲ್ವಾ?

ನನಗೆ ನಿಜವಾದ ಚಿಂತೆ ಶುರುವಾಗುವುದು ಇಲ್ಲಿಂದ. ದೊಡ್ಡವರಿಗೆ ಕೆಲವೇ ದಿನಗಳಲ್ಲಿ ಫಿಸಿಯೋಥೆರಪಿ ಶುರು ಮಾಡಿಸುತ್ತೇವೆ, ಇಲ್ಲದಿದ್ದರೆ ಬೆರಳು ಬಿಗಿದುಕೊಳ್ಳುತ್ತದೆ. ಪುಟ್ಟ ಮಗುವಿಗೆ "ಇಷ್ಟೇ ಮಡಚು, ಜೋರಾಗಿ ಹಿಡೀಬೇಡ" ಅಂದರೆ ಕೇಳುತ್ತದಾ? ಅದಕ್ಕೇ ಮೂರು-ನಾಲ್ಕು ವಾರ ಪೂರ್ತಿ ಪ್ಲಾಸ್ಟರ್. ಪುಣ್ಯಕ್ಕೆ ಮಕ್ಕಳ ಬೆರಳು ಅಷ್ಟು ಬೇಗ ಬಿಗಿಯುವುದಿಲ್ಲ.

"ಇಷ್ಟು ಸಣ್ಣ ಗಾಯಕ್ಕೆ ತೋಳಿನ ತನಕ ಕಟ್ಟಬೇಕಾ ಡಾಕ್ಟ್ರೇ?" ಅಂತ ಅಜ್ಜಿಯೊಬ್ಬರು ಗದರಿದ್ದರು. ಮೊಣಕೈ ಕೆಳಗೆ ಹಾಕಿದರೆ ದುಂಡುದುಂಡು ಕೈಯಿಂದ ಪ್ಲಾಸ್ಟರ್ ಕಾಲುಚೀಲದ ಹಾಗೆ ಕಳಚಿ ಬರುತ್ತದೆ ಅಜ್ಜಿ, ಅಂದೆ. ಮೊಣಕೈ 90 ಡಿಗ್ರಿ ಮಡಚಿ, ಮಣಿಕಟ್ಟು ಮತ್ತು ಬೆರಳಿನ ಬುಡ ಒಳಕ್ಕೆ ಬಾಗಿಸಿ, ಎಲ್ಲ ಬೆರಳನ್ನೂ ಒಟ್ಟಿಗೆ ಮುಚ್ಚಿಬಿಡುತ್ತೇನೆ. ಬೆರಳ ತುದಿ ಮಾತ್ರ ಕಾಣಬೇಕು, ಬಣ್ಣ ನೋಡಲು. ತುದಿ ನೀಲಿಯಾದರೆ, ಮಗು ಎಡೆಬಿಡದೆ ಅತ್ತರೆ, ರಾತ್ರಿಯಾದರೂ ಬನ್ನಿ ಅನ್ನುತ್ತೇನೆ.

ಪ್ಲಾಸ್ಟರ್ ತೆಗೆದ ಮೇಲೆ ಆಟವೇ ವ್ಯಾಯಾಮ. ತಟ್ಟೆಯಿಂದ ಮಂಡಕ್ಕಿ ಹೆಕ್ಕುವುದು, ಬಕೆಟ್ ನೀರಿನಲ್ಲಿ ಸ್ಪಂಜು ಆಡಿಸುವುದು. ಹಿಟ್ಟಿನ ಉಂಡೆ ಹಿಸುಕುವುದು ಇನ್ನೂ ಕೆಲವು ವಾರ ಬಿಟ್ಟು. ರಾತ್ರಿ ಸ್ಪ್ಲಿಂಟ್, ಅಂದರೆ ಕೈ ಅಲುಗದಂತೆ ಕಟ್ಟುವ ಆಸರೆಪಟ್ಟಿ. ಜೋತಾಡುವುದು, ಹಗ್ಗ ಎಳೆಯುವುದು ಮೂರು ತಿಂಗಳು ಬೇಡ. ಎಣ್ಣೆ ಹಚ್ಚಿ ಬೆರಳನ್ನು ಜಗ್ಗಿ ನೆಟ್ಟಗೆ ಮಾಡುವುದಂತೂ ಬೇಡವೇ ಬೇಡ.

ತಿಂಗಳುಗಟ್ಟಲೆ ತಡವಾಗಿ ಬಂದವರ ಕಥೆ ಬೇರೆ. ತುದಿಗಳು ಸೇರುವುದಿಲ್ಲ, ಬೇರೆ ಕಡೆಯ ಟೆಂಡನ್ ತಂದು ಕಸಿ ಮಾಡಬೇಕು. ಆಮೇಲಿನ ವ್ಯಾಯಾಮಕ್ಕೆ ಮಗುವಿನ ಸಹಕಾರ ಬೇಕೇ ಬೇಕು. ಹಾಗಾಗಿ ಅಂಥವರಿಗೆ ನಾನು ಸಾಮಾನ್ಯವಾಗಿ, ಮಗು ಹೇಳಿದ ಮಾತು ಕೇಳುವ ವಯಸ್ಸಿಗೆ ಬರಲಿ, ಆಗ ಮಾಡೋಣ ಅನ್ನುತ್ತೇನೆ.