ಬಿರಿಯುವ ಎರಿ ಮಣ್ಣಿಗೆ ಹಸಿರು ಹೊದಿಕೆ

ವಿಜಯಪುರ, ಬಾಗಲಕೋಟೆ ಕಡೆಯ ಎರಿ ಮಣ್ಣು, ಅಂದರೆ ಅಂಟುವ ಕಪ್ಪು ಮಣ್ಣು, ಬರಿದಾಗಿ ಬಿದ್ದಿದ್ದರೆ ಏಪ್ರಿಲ್ ಹೊತ್ತಿಗೆ ಕೈ ತೂರುವಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ಕೆಳಗಿನ ಹಸಿ ಆರುತ್ತದೆ, ಗುಲಾಬಿ ಮಲ್ಲಿಗೆಯ ಎಳೆ ಬೇರು ಹರಿಯುತ್ತವೆ. ದಿನಾ ನೀರು ಹಾಕಿದರೂ ಗಿಡ ಬಾಡುತ್ತಿದ್ದರೆ ಹೆಚ್ಚಾಗಿ ಕಾರಣ ಇದೇ. ಖಾಲಿ ನೆಲಕ್ಕೆಲ್ಲ ಪರಸಿ (ಚಪ್ಪಡಿ ಕಲ್ಲು) ಹಾಸಿಬಿಡುವವರು ಬಹಳ. ಪರಸಿ ಹೊತ್ತು ಮುಳುಗಿದ ಮೇಲೂ ಬಿಸಿ ಉಗುಳುತ್ತದೆ, ಮಳೆ ನೀರನ್ನೂ ಇಂಗಗೊಡುವುದಿಲ್ಲ. ಅದರ ಬದಲು ನೆಲಕ್ಕಂಟಿ ಹಬ್ಬುವ ಗಿಡ ಹಚ್ಚಿರಿ.

ಆದರೆ ಮೊದಲು ಜೇಕು, ಕರಕಿಯಂಥ ಹುಲ್ಲಿನ ಕಳೆ ಹೋಗಬೇಕು. ಈ ಕೆಲಸದಲ್ಲಿ ಅವಸರ ಮಾಡಿದವರು ಮುಂದೆ ಮೂರು ವರ್ಷ ಕುರಪಿ ಹಿಡಿದು ಕೂಡಬೇಕಾಗುತ್ತದೆ. ಬಳ್ಳಿ ಹಬ್ಬಿದ ಮೇಲೆ ಅದರ ನಡುವಿನ ಜೇಕು ಕಿತ್ತರೆ ಮೇಲಿನ ಎಲೆ ಬರುತ್ತದೆ, ಗಡ್ಡಿ ಒಳಗೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ಒಂದು ಅಡಿ ಆಳಕ್ಕೆ ಅಗೆದು, ಹೆಂಟೆ ಒಡೆಯದೆ ಹಾಗೇ ಬಿಸಿಲಿಗೆ ಬಿಡಿರಿ. 15 ದಿನಕ್ಕೊಮ್ಮೆ ತಿರುವಿ ಹಾಕಿ, ಕಂಡ ಗಡ್ಡಿ ಆರಿಸಿರಿ. ಗಡ್ಡಿ ಸಾಯುವುದು ಒಣಗಿದಾಗ ಮಾತ್ರ. ಆ ದಿನಗಳಲ್ಲಿ ಒಂದು ಕೊಡ ನೀರು ಬಿದ್ದರೂ ಮಾಡಿದ್ದೆಲ್ಲ ಹಾಳು.

ಜೂನ್‌ನಲ್ಲಿ ಮಿರಗದ ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಹೆಂಟೆ ಒಡೆದು, 10×10 ಅಡಿ ಜಾಗಕ್ಕೆ ನಾಲ್ಕೈದು ಪುಟ್ಟಿ ಕೊಳೆತ ತಿಪ್ಪಿ ಗೊಬ್ಬರ ಬೆರೆಸಿರಿ. ಎರಿ ಮಣ್ಣು ಸಡಿಲಾಗಲೆಂದು ಒಂದೆರಡು ಪುಟ್ಟಿ ಉಸುಕು ಹಾಕುವ ರೂಢಿ ಇದೆ. ಅದು ಬೇಡ. ಅಷ್ಟು ಉಸುಕು ಸೇರಿದ ಎರಿ ಮಣ್ಣು ಒಣಗಿದಾಗ ಇಟ್ಟಂಗಿಯ ಹಾಗೆ ಗಟ್ಟಿಯಾಗುತ್ತದೆ. ಮಣ್ಣು ಬಿಡಿಬಿಡಿಯಾಗುವುದು ಗೊಬ್ಬರದಿಂದ.

ಪೂರ್ತಿ ಬಿಸಿಲಿಗೆ ಟೇಬಲ್ ರೋಸ್ ಇಲ್ಲವೆ ನೇರಳೆ ಎಲೆಯ ಸೆಟ್‌ಕ್ರೀಸಿಯಾ ಹಚ್ಚಿರಿ. ಟೇಬಲ್ ರೋಸ್ ಗೋಳಿ ಪಲ್ಯದ ಬಳಗದ್ದು, ಎಲೆ ದಂಟಿನಲ್ಲೇ ನೀರು ಹಿಡಿದಿಟ್ಟುಕೊಳ್ಳುತ್ತದೆ. ನೀರು ನಿಂತರೆ ಮಾತ್ರ ಬುಡ ಕೊಳೆಯುತ್ತದೆ. ಎರಿ ಮಣ್ಣಿನಲ್ಲಿ ಅರ್ಧ ಅಡಿ ಏರಿಸಿದ ಮಡಿ ಅದಕ್ಕೆ ಬೇಕೇ ಬೇಕು. ಬೆಳಗಾವಿಯ ಜುಲೈ ಮಳೆಗೆ ಅದು ತಾಳುವುದಿಲ್ಲ, ಅಲ್ಲಿನವರು ಮಳೆ ಇಳಿದ ಮೇಲೆ ಹಚ್ಚುವುದು ಒಳ್ಳೆಯದು. ಮಾವು, ಪೇರಲದ ಅರೆ ನೆರಳಿಗೆ ದೊಡ್ಡಪತ್ರೆ ಸಾಕು. ಬಚ್ಚಲ ನೀರು ಹರಿಯುವ ಹಸಿ ಜಾಗಕ್ಕೆ ಒಂದೆಲಗ ಹೊಂದುತ್ತದೆ; ಸಾಬೂನಿನ ನೀರು ಕುಡಿದ ಎಲೆಯನ್ನು ಚಟ್ನಿಗೆ ಕೊಯ್ಯಬೇಡಿರಿ, ಅಷ್ಟೇ.

ಖರ್ಚೇ ಬೇಡವೆಂದರೆ ಮಡಕಿ ಕಾಳು. 10×10 ಅಡಿಗೆ ಅರ್ಧ ಹಿಡಿ ಚೆಲ್ಲಿ ಮಣ್ಣು ಎಳೆದರೆ ನೆಲಕ್ಕೆ ಹರಡಿ ಚಾಪೆಯಂತೆ ಬೆಳೆಯುತ್ತದೆ. ಹೂ ಬಿಡುವಾಗ ಕೊಯ್ದು ಅಲ್ಲೇ ಹಾಸಿದರೆ ಗೊಬ್ಬರವೂ ಆಯಿತು. ಒಂದೇ ಹಂಗಾಮಿನದು ಎಂಬುದು ಅದರ ಕೊರತೆ.

ಹಳದಿ ಹೂವಿನ ವೆಡೇಲಿಯಾ ನರ್ಸರಿಯಲ್ಲಿ ಅಗ್ಗ, ಬೇಗ ಹಬ್ಬುತ್ತದೆ. ಗೋಡೆ ಕಟ್ಟಿದ ಜಾಗದಲ್ಲಿ ಮಾತ್ರ ಇರಲಿ. ಕತ್ತರಿಸಿದ ತುಂಡನ್ನು ಕಾಲುವೆ ದಂಡೆಗೆ ಎಸೆದರೆ ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಉಳಿದ ಗಿಡಗಳನ್ನೆಲ್ಲ ನುಂಗುತ್ತದೆ.

ಹಚ್ಚಲು ನಾಲ್ಕು ಇಂಚಿನ ತುಂಡು ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಸಂಜೆ ಊರಿರಿ. ಅಡಿಗೊಂದರಂತೆ 10×10 ಅಡಿಗೆ 100 ತುಂಡು ಬೇಕು. 9 ಇಂಚಿಗೊಂದಾದರೆ 180ರ ಹತ್ತಿರ. ದೂರ ದೂರ ಹಚ್ಚಿದರೆ ಮುಚ್ಚುವಷ್ಟರಲ್ಲಿ ಕಾಂಗ್ರೆಸ್ ಕಸ ತುಂಬಿರುತ್ತದೆ, ಅದಕ್ಕೆ ನಡುವಿನ ಮಣ್ಣಿಗೆ ಎರಡು ಬೆರಳು ದಪ್ಪ ಕಬ್ಬಿನ ರವದಿ ಅಥವಾ ಶೇಂಗಾ ಹೊಟ್ಟು ಹರಡಿರಿ. ಮಳೆ ಇಲ್ಲದಿದ್ದರೆ ಹತ್ತು ದಿನ ದಿನಾ ಸ್ವಲ್ಪ ನೀರು, ಆಮೇಲೆ ವಾರಕ್ಕೆರಡು ಸಲ ಆಳಕ್ಕೆ ಇಳಿಯುವಷ್ಟು. ಬೆರಳುದ್ದ ಬೆಳೆದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ.

ಗಿಡಮರದ ಬುಡದಿಂದ ಒಂದು ಗೇಣು ಬಿಡಿರಿ, ಹಸಿ ತಾಗಿ ತೊಗಟೆ ಕೊಳೆಯುತ್ತದೆ. ಮನೆಯ ಗೋಡೆಯಿಂದ ಎರಡಡಿ ಬಿಡಿರಿ: ಎರಿ ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬುನಾದಿಯನ್ನು ಅಲುಗಿಸುತ್ತದೆ. ಬಾಗಿಲ ಹತ್ತಿರ, ನಡೆಯುವ ದಾರಿಯ ಎರಡೂ ಬದಿ ಹೊದಿಕೆ ನಾಲ್ಕು ಇಂಚು ಮೀರದಂತೆ ಕತ್ತರಿಸುತ್ತಿರಿ. ಹಾವು, ಚೇಳು ತಂಪು ಹುಡುಕಿ ಅಲ್ಲೇ ಸೇರುವುದು, ಹಾಗಾಗಿ ಕೈ ಹಾಕುವ ಮೊದಲು ಕೋಲಿನಿಂದ ಒಮ್ಮೆ ಬಡಿಯಿರಿ.