ಆ ಉಳಿ ಎಲ್ಲಿತ್ತು ಅಂತ ಮೊದಲು ಕೇಳಿ

ಮರ ನುಣುಪು ಮಾಡುವ ನನ್ನ ಹತ್ತರಿಯನ್ನು ಯಾರಾದರೂ ಕೈಯಲ್ಲಿ ಹಿಡಿದು "ಎಲ್ಲಿ ಸಿಕ್ತೇ ಇದು?" ಎಂದರೆ ನಾನು ಅಂಗಡಿಯ ಹೆಸರು ಹೇಳುವುದಿಲ್ಲ, ಮನೆಯ ಹೆಸರು ಹೇಳುತ್ತೇನೆ. ಹೊಸನಗರದ ಕಡೆ ನಮ್ಮದು ಅರ್ಧ ಎಕರೆ ಅಡಿಕೆ ತೋಟ, ಕೊಟ್ಟಿಗೆಯ ಪಕ್ಕ ಒಂದು ಮಾಡು. ಆ ಮಾಡಿನಡಿ ಊರಿನವರ ಮುರಿದ ಕುರ್ಚಿ, ಕುಂಟು ಮೇಜು, ಬಾಗಿಲು ರಿಪೇರಿ ಮಾಡಲು ಶುರುಮಾಡಿ ಹನ್ನೆರಡು ವರ್ಷವಾಯಿತು. ನನ್ನ ಪೆಟ್ಟಿಗೆಯಲ್ಲಿರುವ ಮರಗೆಲಸದ ಸಾಮಾನಿನಲ್ಲಿ ಮುಕ್ಕಾಲು ಪಾಲು ಇನ್ನೊಬ್ಬರು ಬಳಸಿ ಬಿಟ್ಟದ್ದು.

ಹೊರದೇಶಗಳಲ್ಲಿ ಮನೆ ಮುಂದೆ ಹಳೆ ಸಾಮಾನು ಹರವಿ ಮಾರುತ್ತಾರಂತೆ. ನಮ್ಮಲ್ಲಿ ಹಾಗೆ ಹರವಿದರೆ "ಮನೆ ಹಾಳಾಗಿದೆ" ಎಂದು ಊರೆಲ್ಲ ಸುದ್ದಿಯಾಗುತ್ತದೆ. ಹಾಗಾಗಿ ಸಾಮಾನು ಹೊರಬೀಳುವ ಹೊತ್ತನ್ನೇ ಕಾಯಬೇಕು. ಅಣ್ಣ ತಮ್ಮಂದಿರ ಮಧ್ಯೆ ಪಾಲಾದಾಗ ಹಂಡೆ, ಕೊಪ್ಪರಿಗೆಗೆ ಜಗಳವಾಗುತ್ತದೆ, ಅಜ್ಜ ಮರ ಕೆತ್ತುತ್ತಿದ್ದ ಬಾಚಿಗೆ ಯಾರೂ ಜಗಳವಾಡುವುದಿಲ್ಲ. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕುವಾಗ ಕಂಬ, ಬಾಗಿಲು, ತೊಲೆಗಳಿಗೆ ಶಿವಮೊಗ್ಗದಿಂದ ಗಿರಾಕಿ ಬರುತ್ತಾರೆ, ಅಟ್ಟದ ಮೇಲಿನ ಕಬ್ಬಿಣ ಮಾತ್ರ ಗೋಣಿಚೀಲಕ್ಕೆ ಬೀಳುತ್ತದೆ. ಮನೆ ಕೆಡವುವುದು ಹೆಚ್ಚಾಗಿ ಅಡಿಕೆ ದುಡ್ಡು ಕೈಗೆ ಬಂದ ಮೇಲೆ, ಮಳೆ ಹಿಡಿಯುವ ಮೊದಲು. ಮಾರ್ಚ್‌ನಿಂದ ಮೇ ತನಕ ನನ್ನ ಸ್ಕೂಟರಿನ ಹಿಂದೆ ಯಾವಾಗಲೂ ಒಂದು ಖಾಲಿ ಚೀಲ ಇರುತ್ತದೆ.

ಭದ್ರಾವತಿಯ ಮಾತು ಬೇರೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ ಊರು ಅದು, 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿತು. ಅಲ್ಲಿ ಫಿಟ್ಟರ್, ಟರ್ನರ್, ಮೋಲ್ಡರ್ ಆಗಿ ನಿವೃತ್ತರಾದವರ ಮನೆಗಳಲ್ಲಿ ಎಂಥೆಂಥ ಸಾಮಾನಿದೆ ಎಂದರೆ, ನೋಡಿದರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಮನೆ ಖಾಲಿ ಮಾಡಿ ಮಗನ ಜೊತೆ ಬೆಂಗಳೂರಿಗೆ ಹೊರಟವರು "ತಗೊಂಡು ಹೋಗಮ್ಮ, ಯಾರಾದರೂ ಬಳಸಲಿ" ಎಂದು ಕೊಟ್ಟ, ಮೂಲೆ ನೇರವಿದೆಯೇ ಎಂದು ನೋಡುವ ಮೂಲೆಮಟ್ಟ ಈಗಲೂ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಕಾರ್ಖಾನೆಯ ಗುರುತು ಕೊರೆದ ಸಾಮಾನಾದರೆ ಹೇಗೆ ಬಂತು ಎಂದು ಕೇಳಿಯೇ ತಗೊಳ್ಳಿ. ಕೇಳಲು ನಾಚಿಕೆಯಾದರೆ ತಗೊಳ್ಳುವುದೇ ಬೇಡ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಲೆನಾಡಿನಲ್ಲಿ ಸಾಮಾನು ಎಷ್ಟು ಹಳೆಯದು ಎಂದು ಕೇಳಬೇಡಿ, ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿದ್ದ ಉಳಿ ಮಸಿ ಬಳಿದುಕೊಂಡು ಕರ್ರಗಿರುತ್ತದೆ. ನೋಡಲು ಅಸಹ್ಯ, ಆದರೆ ವರ್ಷವಿಡೀ ಬಿಸಿ ಹೊಗೆ ತಾಗಿ ಪಸೆ ಹತ್ತಿರುವುದಿಲ್ಲ. ಬಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಿದರೆ ಒಳಗೆ ಬೆಳ್ಳಗಿನ ಉಕ್ಕು. ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿಟ್ಟದ್ದು ಹಾಗಲ್ಲ, ಗಂಜಲದ ಆವಿಗೆ ಕಬ್ಬಿಣ ಪದರ ಪದರವಾಗಿ ಏಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಔಷಧಿ ಹೊಡೆಯುವ ಸಾಮಾನಿನ ಕೋಣೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಮೈಲುತುತ್ತ ಚೆಲ್ಲಿದ ಕಡೆ ಕಬ್ಬಿಣ ಇಟ್ಟರೆ, ತುತ್ತದಲ್ಲಿನ ತಾಮ್ರ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಉಳಿಯ ಮೇಲೆ ಕೆಂಪು ತಾಮ್ರದ ಛಾಯೆ ಕಂಡರೆ "ಓ, ಎಷ್ಟು ಚಂದ" ಎನ್ನಬೇಡಿ, ಕೆಳಗಿಟ್ಟು ಬನ್ನಿ.

ಗುಜರಿ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಆದರೂ ನಾನು ಕೇಳುತ್ತೇನೆ, ಯಾವ ಊರಿನ ಚೀಲ ಎಂದಾದರೂ ಹೇಳುತ್ತಾರೆ. ಮೊದಮೊದಲು ನಾನು ಹೋದರೆ "ಅಕ್ಕ, ಪಾತ್ರೆ ಆ ಕಡೆ" ಎನ್ನುತ್ತಿದ್ದರು. ಈಗ ಶಿವಮೊಗ್ಗದಲ್ಲಿ ಒಬ್ಬ ಭಾಯಿ ಮರಗೆಲಸದ ಸಾಮಾನು ಬಂದರೆ ಒಂದು ಡಬ್ಬಿಗೆ ಎತ್ತಿಟ್ಟು ಫೋನ್ ಮಾಡುತ್ತಾರೆ. ಹೀಗಾಗಲು ಎರಡು ವರ್ಷ ಬೇಕಾಯಿತು. ಹೋದಾಗಲೆಲ್ಲ ಏನಾದರೂ ಒಂದು ಕೊಂಡೆ, ಬೇಡದ ಬೋಲ್ಟನ್ನೂ ಕೊಂಡೆ. ಅವರಿಗೆ ಎಲ್ಲವೂ ಕಿಲೋ ಲೆಕ್ಕ. ಸ್ಟ್ಯಾನ್ಲಿ ಕಂಪನಿಯ ನಾಲ್ಕನೇ ನಂಬರಿನ ಕಬ್ಬಿಣದ ಹತ್ತರಿ ಸುಮಾರು 1.7 ಕೆಜಿ ತೂಗುತ್ತದೆ. ತೂಕಕ್ಕೆ ಹಾಕಿದರೆ ಐವತ್ತು ರೂಪಾಯಿಯ ಆಸುಪಾಸು, ಹೊಸದಾದರೆ ಸಾವಿರಗಳ ಮಾತು. ಭಾಯಿ ನನಗೆ ಮುನ್ನೂರಕ್ಕೆ ಕೊಟ್ಟರು. ಆರು ಪಟ್ಟು ಹೆಚ್ಚಾಯಿತಲ್ಲ ಎಂದು ಗೊಣಗಬೇಡಿ, ಆ ಹೆಚ್ಚಿನ ದುಡ್ಡಿಗೇ ಅವರು ಮುಂದಿನದನ್ನು ಎತ್ತಿಡುವುದು.

ಆ ಹತ್ತರಿಯನ್ನು ನಾನು ನೋಡಿದ ಕ್ರಮವನ್ನೇ ಹೇಳುತ್ತೇನೆ. ಮೊದಲು ಮಗುಚಿ ತಳ ನೋಡಿದೆ. ಅಲಗು ಹೊರಬರುವ ಬಾಯಿಯ ಎರಡು ಮೂಲೆಗಳಲ್ಲಿ ಕೂದಲಿನಂಥ ಗೆರೆ ಇದ್ದರೆ ಅದು ಬಿರುಕು. ಎರಕದ ಕಬ್ಬಿಣ ಒಮ್ಮೆ ಬಿರಿದರೆ ಮುಗಿಯಿತು, ಬೆಸುಗೆ ಹಾಕಿದರೂ ತಳ ಸೊಟ್ಟಗಾಗುತ್ತದೆ. ಅನುಮಾನ ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ, ಗಟ್ಟಿಯಿದ್ದರೆ ನಾದ, ಒಡೆದಿದ್ದರೆ ಮಡಕೆಯ ಸದ್ದು. ಆಮೇಲೆ ಸ್ಟೀಲಿನ ಪಟ್ಟಿಯನ್ನು ಅಡ್ಡ ಹಿಡಿದು ಬೆಳಕಿಗೆ ಎತ್ತಿದೆ, ನಡುವೆ ಸ್ವಲ್ಪ ಬೆಳಕು ಕಂಡಿತು. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿದರೆ ಹೋಗುವಷ್ಟೇ. ಅಲಗು ತೆಗೆದು ಅದರ ಉದ್ದದ ಸೀಳಿನ ಕೆಳಗೆ ಎಷ್ಟು ಉಕ್ಕು ಉಳಿದಿದೆ ನೋಡಿದೆ, ಒಂದಿಂಚಿನ ಮೇಲಿತ್ತು, ನನ್ನ ಕಾಲಕ್ಕೆ ಸಾಕು. ಅಲಗು ಕೂರುವ ಗಟ್ಟಿಯ ಹಿಂದೆ ಮಸಿಯೊಳಗೆ ಅಕ್ಷರ ಸಿಕ್ಕಿತು, 1910ರ ಪೇಟೆಂಟ್ ತಾರೀಕು. ಅಷ್ಟು ಹೊತ್ತಿಗೆ ನನ್ನ ಮುಖ ಅರಳಿರಬೇಕು, ಬೆಲೆ ಮುನ್ನೂರಕ್ಕೆ ಏರಿದ್ದು ಆಗಲೇ! ಹಿಡಿಕೆ ಮುರಿದಿತ್ತು. ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಬೀಟೆಯ ತುಂಡಿನಲ್ಲಿ ಹಿಡಿಕೆ ಕೆತ್ತಲು ಒಂದು ಮಧ್ಯಾಹ್ನ ಸಾಕು. ಸ್ಕ್ರೂ ಕಳೆದಿದ್ದರೆ ಮಾತ್ರ ಬಿಟ್ಟು ಬರುತ್ತಿದ್ದೆ. ಹಳೆ ಹತ್ತರಿಗಳ ಸ್ಕ್ರೂವಿನ ಸುತ್ತು ಅವರದ್ದೇ ಅಳತೆ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದಿಲ್ಲ.

ಉಳಿ ನೋಡುವಾಗ ಜನ ತಪ್ಪು ಮಗ್ಗುಲು ನೋಡುತ್ತಾರೆ. ಇಳಿಜಾರಿರುವ ಕಡೆ ತುಕ್ಕಿನ ಗುಳಿ ಇದ್ದರೆ ತೊಂದರೆಯಿಲ್ಲ, ಸಾಣೆ ಹಿಡಿದಾಗ ಹೋಗುತ್ತದೆ. ಚಪ್ಪಟೆ ಬೆನ್ನಿನ ತುದಿಯಲ್ಲಿ ಗುಳಿ ಇದ್ದರೆ ಎಷ್ಟು ಹರಿತ ಮಾಡಿದರೂ ಬಾಯಿ ಗರಗಸದ ಹಾಗೆ ಉಳಿಯುತ್ತದೆ. ಬಾಯಿಯ ಹತ್ತಿರ ನೀಲಿ ತಿರುಗಿದ್ದರೆ ಯಾರೋ ಗ್ರೈಂಡರಿಗೆ ಒತ್ತಿ ಹಿಡಿದು ಉಕ್ಕಿನ ಗಟ್ಟಿತನದ ಹದ ಕಳೆದಿದ್ದಾರೆ ಎಂದರ್ಥ. ನೀಲಿ ಒಂದು ನೂಲಿನಷ್ಟಾದರೆ ಸವೆಸಿ ತೆಗೆಯಬಹುದು. ನಾನು ಕೈಚೀಲದಲ್ಲಿ ಒಂದು ಸಣ್ಣ ಅರ (ಫೈಲ್) ಇಟ್ಟುಕೊಂಡಿರುತ್ತೇನೆ. ಉಳಿಯ ಮೂಲೆಗೆ ಮೆಲ್ಲಗೆ ಎಳೆದಾಗ ಅರ ಜಾರಿದರೆ ಹದ ಇದೆ, ಬೆಲ್ಲ ಕೆರೆದ ಹಾಗೆ ಕಚ್ಚಿದರೆ ಇಲ್ಲ. ಕೊಡಲಿ, ಕತ್ತಿಗೆ ಸ್ವಲ್ಪ ಕಚ್ಚಬೇಕು, ಅಷ್ಟು ಗಟ್ಟಿಯಾದರೆ ಗಂಟಿಗೆ ಬಿದ್ದಾಗ ಚೂರು ಹಾರುತ್ತದೆ. ಕೈಗರಗಸವನ್ನೂ ಅರದಲ್ಲೇ ಹರಿತ ಮಾಡುವುದು, ಅದಕ್ಕೂ ಈ ಪರೀಕ್ಷೆ ಹೊಂದುವುದಿಲ್ಲ. ಗರಗಸಕ್ಕೆ ಕಣ್ಣು ಸಾಕು, ಹಲ್ಲಿನ ಸಾಲನ್ನು ಬಂದೂಕಿನ ಹಾಗೆ ಹಿಡಿದು ನೋಡಿ, ಎಲ್ಲಾದರೂ ಮಡಚಿದ ಗುರುತು ಕಂಡರೆ ಬೇಡ.

ಸಾಗರ, ಸೊರಬದ ಕಡೆ ಗಂಧದ ಕೆತ್ತನೆಯ ಗುಡಿಗಾರರಿದ್ದಾರೆ. ಅವರ ಉಳಿಗಳು ಕೆಲವು ಅಕ್ಕಿಕಾಳಿನಷ್ಟು ಅಗಲ. ಎಲ್ಲಾದರೂ ಸಿಕ್ಕರೆ ಒಂದೊಂದಾಗಿ ಬಿಡಿಸಬೇಡಿ, ಕಟ್ಟು ಪೂರ್ತಿ ತಗೊಳ್ಳಿ.

ಕರೆಂಟಿನ ಸಾಮಾನಿನ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಐದು ನಿಮಿಷ ಓಡಿಸದೆ ಗ್ರೈಂಡರ್, ಡ್ರಿಲ್ ಕೊಳ್ಳಬೇಡಿ. ಅರ್ಧ ನಿಮಿಷ ಎಲ್ಲವೂ ಓಡುತ್ತವೆ. ಗಾಳಿ ಕಿಂಡಿಗೆ ಮೂಗು ಹಿಡಿದರೆ ಸುಟ್ಟ ವಾರ್ನಿಶ್ ವಾಸನೆ ಬರಬಾರದು. ಪಂಪಿನ ಮೋಟಾರ್ ರೀವೈಂಡ್ ಆಗಿದ್ದರೆ ಸುತ್ತಿದ್ದು ತಾಮ್ರದ ತಂತಿಯೋ ಅಲ್ಯೂಮಿನಿಯಂ ತಂತಿಯೋ ಕೇಳಿ. ತೋಟದಿಂದ ಮೋಟಾರ್ ಕಳವಾಗುವುದು ನಮ್ಮಲ್ಲಿ ಹೊಸದಲ್ಲ, ಮಾರಿದವರ ಹೆಸರು, ಫೋನ್ ನಂಬರ್, ಸಹಿ ಇರುವ ಒಂದು ಚೀಟಿ ಇಲ್ಲದೆ ಮನೆಗೆ ತರಬೇಡಿ.

ಹರಾಜಿಗೆ ಬರೋಣ. ಕೂಗುವುದನ್ನು ನಾನು ಕಲಿತದ್ದು ಗಣಪತಿ ಸವಾಲಿನಲ್ಲಿ. ಅಲ್ಲಿ ಒಂದು ತೆಂಗಿನಕಾಯಿ ಎರಡು ಸಾವಿರಕ್ಕೆ ಹೋಗುತ್ತದೆ, ಪಕ್ಕದ ಮನೆಯವರು ಕೂಗಿದರು ಎನ್ನುವ ಒಂದೇ ಕಾರಣಕ್ಕೆ. ದೇವರ ಕೆಲಸಕ್ಕೆ ಅದು ಸರಿ. ಸಾಮಾನಿನ ಹರಾಜಿನಲ್ಲಿ ಅದೇ ರಕ್ತ ಏರಿದರೆ ಮನೆಯಲ್ಲಿ ಮುಖ ತೋರಿಸುವಂತಿಲ್ಲ. ಕೇಂದ್ರ ಸರ್ಕಾರದ ಕಂಪನಿಗಳ ಗುಜರಿ ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಮೂಲಕ ಆನ್‌ಲೈನ್ ಹರಾಜಾಗುತ್ತದೆ, ಆದರೆ ಅಲ್ಲಿನ ಹೆಚ್ಚಿನ ಲಾಟುಗಳು ಟನ್ನಿನ ಲೆಕ್ಕದವು, ನಮ್ಮಂಥವರಿಗಲ್ಲ. ನಮಗೆ ಹೊಂದುವುದು ಸೊಸೈಟಿ, ಪಂಚಾಯಿತಿ, ಮುಚ್ಚಿದ ವರ್ಕ್‌ಶಾಪುಗಳ ಹರಾಜು. ನೋಟಿಸ್ ಬೋರ್ಡಿಗೆ ಹಾಕುತ್ತಾರೆ, ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ.

ಅಂಥ ಒಂದು ಹರಾಜಿಗೆ ನಾನು ಸಾಮಾನನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ಒಂದು ಬೆಂಚ್ ವೈಸ್ ಆಸೆಗೆ ಹೋದೆ. ಯಾರದ್ದು ಎಂದು ಹೇಳುವುದಿಲ್ಲ. ಹಿಂದಿನ ದಿನ ಸಾಮಾನು ನೋಡಲು ಸಮಯ ಕೊಟ್ಟಿದ್ದರು, ಅಂದು ಮನೆಯಲ್ಲಿ ಅಡಿಕೆ ಬೇಯಿಸುವ ಕೆಲಸ, ಹೋಗಲಿಲ್ಲ. ವೈಸ್ ಒಂದನ್ನೇ ಕೊಡುವುದಿಲ್ಲ, ಹದಿನಾಲ್ಕು ಸಾಮಾನಿನ ಲಾಟ್ ಎಂದರು. ಎರಡು ಸಾವಿರಕ್ಕೆ ನಿಲ್ಲಬೇಕೆಂದು ಅಂಗೈ ಮೇಲೆ ಬರೆದುಕೊಂಡಿದ್ದೆ. ಎದುರಿಗೆ ಒಬ್ಬರು ನನ್ನನ್ನು ನೋಡಿ ನಕ್ಕರು, ನಾನು ಮೂರು ಸಾವಿರದ ನಾನೂರು ಕೂಗಿದೆ. "ಒಂದು ಸಲ, ಎರಡು ಸಲ, ಮೂರು ಸಲ." ಮೇಲೆ ಜಿಎಸ್‌ಟಿ, ಹಮಾಲಿ, ಮೂರು ದಿನದೊಳಗೆ ಎತ್ತಬೇಕೆಂಬ ಕರಾರು, ಅದಕ್ಕೊಂದು ಪಿಕಪ್ ಬಾಡಿಗೆ. ಮನೆಗೆ ತಂದು ವೈಸ್‌ನ ಹಸಿರು ಬಣ್ಣ ಕೆರೆದರೆ ದವಡೆಯ ಬುಡದಲ್ಲಿ ಬಿರುಕು, ಅದರ ತುಂಬ ಎಂ-ಸೀಲ್ ಮೆತ್ತಿ ಬಣ್ಣ ಹೊಡೆದಿದ್ದರು. "ಇದ್ದ ಸ್ಥಿತಿಯಲ್ಲೇ ಮಾರಾಟ" ಎಂದು ನೋಟಿಸಿನಲ್ಲೇ ಇತ್ತು, ಯಾರನ್ನು ಕೇಳುವುದು? ಅಂದಿನಿಂದ ಹಳೆ ಕಬ್ಬಿಣಕ್ಕೆ ಹೊಸ ಬಣ್ಣ ಕಂಡರೆ ನಾನು ಹೊರಗೇ ನಿಲ್ಲುತ್ತೇನೆ. ಸಾಮಾನು ನೋಡುವ ದಿನ ತಪ್ಪಿದರೆ ಹರಾಜಿಗೂ ಹೋಗುವುದಿಲ್ಲ. ಆ ಲಾಟಿನ ತಳದಲ್ಲಿ ತೂತು ಕೊರೆಯುವ ಒಂದು ಬೈರಿಗೆ ಸಿಕ್ಕಿತು, ಅದೊಂದು ಸಮಾಧಾನ.

ಮನೆಗಳಲ್ಲಿ ಕೊಳ್ಳುವಾಗ ಚೌಕಾಸಿ ಬೇರೆ ಥರ. ಹೋದ ಕೂಡಲೇ ಸಾಮಾನು ಕೇಳಬೇಡಿ. ಕಾಫಿ ಆಗಲಿ, ಮಳೆ ಮಾತು, ಅಡಿಕೆ ರೇಟಿನ ಮಾತು ಆಗಲಿ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಿ ಎದ್ದು ಬಂದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನನ್ನ ಮುಂದೆ ಬಾಚಿ ಇಟ್ಟು, "ಎಂತ ಕೊಡ್ತೀಯ ನೋಡು ಮಾರಾಯ್ತಿ, ಮನೆ ಬಿಚ್ಚಿ ಗಾಡಿಗೆ ಹಾಕುವಾಗ ನಮ್ಮನೆಯವರು ಇದನ್ನ ಮಡಿಲಲ್ಲಿ ಇಟ್ಕೊಂಡು ಬಂದಿದ್ರು" ಎಂದರು. ಅಂಥವರ ಹತ್ತಿರ ನೂರು ರೂಪಾಯಿಗೆ ಹೊಡೆದುಕೊಂಡು ಬರುವುದು ನನ್ನಿಂದಾಗುವುದಿಲ್ಲ. ನನಗೆ ಗೊತ್ತಿದ್ದ ಬೆಲೆ ಹೇಳಿದೆ, ಅವರು ಅದರಲ್ಲಿ ಅರ್ಧ ತಗೊಂಡು ಒಂದು ಮಾವಿನಮಿಡಿ ಡಬ್ಬಿಯನ್ನೂ ಕೊಟ್ಟರು.

ತುಕ್ಕು ತೆಗೆಯಲು ದುಬಾರಿ ಔಷಧಿ ಬೇಡ. ಹುಳಿ ಹಣ್ಣಾದ ಉಪ್ಪಾಗೆಯ ಸಿಪ್ಪೆ ಒಂದು ಮುಷ್ಟಿ ಕುದಿಸಿ, ಆರಿದ ನೀರಿನಲ್ಲಿ ಹಿಡಿಕೆ ಬಿಚ್ಚಿದ ಸಾಮಾನು ಮುಳುಗಿಸಿಡಿ. ಆಗಾಗ ತೆಗೆದು ಬ್ರಷ್ಷಿನಲ್ಲಿ ತಿಕ್ಕಿ, ಮರೆತು ಎರಡು ದಿನ ಬಿಟ್ಟರೆ ಹುಳಿ ಒಳ್ಳೆ ಉಕ್ಕನ್ನೂ ತಿನ್ನುತ್ತದೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ತಕ್ಷಣ ಎಣ್ಣೆ. ಕೊಡಲಿಯಂಥ ದಪ್ಪ ಸಾಮಾನಿಗೆ ಬಕೆಟ್ ನೀರಿಗೆ ಎರಡು ಮೂರು ಚಮಚ ಬಟ್ಟೆ ಸೋಡಾ ಹಾಕಿ, ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ಕೊಡಲಿಗೆ, ಪ್ಲಸ್ ತಂತಿ ಒಂದು ಗುಜರಿ ಕಬ್ಬಿಣದ ತಗಡಿಗೆ, ಎರಡೂ ಒಂದಕ್ಕೊಂದು ತಾಗದ ಹಾಗೆ. ತಗಡು ಸ್ಟೇನ್‌ಲೆಸ್ ಸ್ಟೀಲ್ ಆಗಬಾರದು, ವಿಷ ಬಿಡುತ್ತದೆ. ಬಯಲಲ್ಲೇ ಮಾಡಿ, ಗುಳ್ಳೆಯಾಗಿ ಬರುವುದು ಬೆಂಕಿ ಹತ್ತುವ ಅನಿಲ. ಕೈ ಹಾಕುವ ಮೊದಲು ಸ್ವಿಚ್ ತೆಗೆಯಿರಿ.

ಮಳೆಗಾಲಕ್ಕೆ ನನ್ನ ಪೆಟ್ಟಿಗೆಯೊಳಗೆ ಒಂದು ಹದಿನೈದು ವ್ಯಾಟಿನ ಹಳೆ ಬಲ್ಬ್ ಉರಿಯುತ್ತಿರುತ್ತದೆ, ಆ ಕಾವಿಗೆ ಪಸೆ ನಿಲ್ಲುವುದಿಲ್ಲ. ಹೋದ ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಹೋಗಿ ಬಚ್ಚಲೊಲೆಯ ಅಟ್ಟಕ್ಕೆ ಏರಿಸಿದೆ. ಅತ್ತೆ ಕೆಳಗೆ ನಿಂತು ನೋಡಿದರು. "ಹಲಸಿನ ಬೀಜ ಒಣಗಿಸೋಕೆ ಜಾಗ ಇಲ್ಲ, ಇವಳ ಕಬ್ಬಿಣಕ್ಕೆ ಬಚ್ಚಲು ಕಾಯಿಸಬೇಕು" ಎಂದು ಗೊಣಗಿ, ಒಲೆಗೆ ಇನ್ನೆರಡು ಸೋಗೆ ಮುರಿದು ತುರುಕಿದರು.